ಸೀಟು ಸಾಹೇಬರ ತಪ್ಪು ಲೆಕ್ಕ

ಬೆಳಗಿನ ಏಳೂಮುಕ್ಕಾಲರ ಬಸ್ಸಿಗೆ, ಅದು ಹೊರಡುವ ಜಾಗದಲ್ಲೇ ಹತ್ತುವವರು ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿ ಅಲ್ಲಿಯವರೆಗೆ ನಡೆದು ಬಂದು ಹತ್ತುವುದು ಕೂರಲು ಜಾಗ ಸಿಗಲಿ ಎಂದು. ಹನ್ನೊಂದನೆಯವರು ಹತ್ತುವುದು ಎದ್ದು ನಿಲ್ಲಲು ಜಾಗ ಸಿಗಲಿ ಎಂದು.

ಅವರಿಗೆ ಬಸ್ಸಿನವರು ಇಟ್ಟ ಹೆಸರು ಸೀಟು ಸಾಹೇಬರು. ಪೇಟೆಯ ಕೊನೆಯಲ್ಲಿ ಅವರದೊಂದು ಸಲೂನು. ಮೂರು ಕುರ್ಚಿ, ಎರಡು ಎಲ್ಲರಿಗೂ ಕಾಣುವಂತೆ, ಮೂರನೆಯದು ಪರದೆಯ ಹಿಂದೆ. ವಯಸ್ಸು ಐವತ್ನಾಲ್ಕು. ಅದರಲ್ಲಿ ಮೂವತ್ತೆರಡು ವರ್ಷ ಇನ್ನೊಬ್ಬರ ತಲೆಯ ಹಿಂದೆ ನಿಂತೇ ಕಳೆದಿದ್ದಾರೆ. ಇಡೀ ದಿನ ನಿಲ್ಲುವ ಮನುಷ್ಯ ಬೆಳಗಿನ ಮುಕ್ಕಾಲು ಗಂಟೆಯಾದರೂ ಕಾಲು ಮಡಚಿ ಕೂರಬಾರದೇ ಎಂದು ನಿಮಗೆ ಅನ್ನಿಸಬಹುದು. ಅವರ ಹೆಂಡತಿಗೂ ಹಾಗೇ ಅನ್ನಿಸುತ್ತದೆ.

"ರೀ, ಬಸ್ಸಲ್ಲಿ ಊರೋರಿಗೆಲ್ಲ ಎದ್ದು ಜಾಗ ಕೊಡ್ತೀರಂತೆ. ಮನೇಲಿ ನಾನು ಎರಡು ಕೈಲಿ ಎರಡು ಬಕೆಟ್ ಹಿಡ್ಕೊಂಡು ನಿಂತ್ರೂ ಬಾಗಿಲಿಂದ ಒಂದಿಂಚು ಸರಿಯಲ್ಲ."

"ಅದು ಬೇರೆ, ಇದು ಬೇರೆ," ಎನ್ನುತ್ತಾರೆ ಸಾಹೇಬರು. ಹೇಗೆ ಬೇರೆ ಎಂದು ವಿವರಿಸಲು ಬಸ್ಸಿಗೆ ಹೊತ್ತಾಗಿರುತ್ತದೆ.

ಅವರು ಹಿಡಿಯುವುದು ನಡುಬಾಗಿಲಿನ ಹಿಂದಿನ ಸಾಲಿನಲ್ಲಿ, ಓಡಾಡುವ ದಾರಿಯ ಬದಿಯ ಸೀಟು. ಹತ್ತುವವರು ಇಳಿಯುವವರು ಎಲ್ಲರೂ ಕಣ್ಣಿಗೆ ಬೀಳುವ ಆಯಕಟ್ಟಿನ ಜಾಗ. ಅಲ್ಲಿ ಅವರು ಕೂತಿರುತ್ತಾರೆ ಎನ್ನುವುದು ಹೆಸರಿಗೆ ಮಾತ್ರ. ಅರ್ಧ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ. ಚೀಲದ ಪಟ್ಟಿ ಹೆಗಲಿಗೆ ಏರುತ್ತದೆ, ಇಳಿಯುತ್ತದೆ. ಒಂದು ಕೈ ಆಗಲೇ ಕಂಬಿ ಹಿಡಿದಿರುತ್ತದೆ. ನಿಲ್ದಾಣ ಬಂದಾಗಲೆಲ್ಲ ಕತ್ತು ಬಾಗಿಲಿನ ಕಡೆ ಉದ್ದವಾಗುತ್ತದೆ. ಮೂರನೇ ನಿಲ್ದಾಣದಲ್ಲಿ ಆಸ್ಪತ್ರೆಗೆ ಹೋಗುವವರು, ನಾಲ್ಕರಲ್ಲಿ ನೂಲಿನ ಕಾರ್ಖಾನೆಗೆ ಹೋಗುವವರು ನುಗ್ಗಿದ ಮೇಲೆ ಬಸ್ಸಿನಲ್ಲಿ ಉಸಿರು ಬಿಡಲು ಪಕ್ಕದವರ ಅನುಮತಿ ಬೇಕು. ಆ ಗದ್ದಲದಲ್ಲಿ ಅರ್ಹರೊಬ್ಬರು ಕಂಡರೆ ಸಾಹೇಬರ ಮುಖ ಅರಳುತ್ತದೆ. ಅರ್ಹರೇ ಹತ್ತದ ದಿನ ತಿಂದದ್ದು ಅರಗುವುದಿಲ್ಲ.

ಕೊಡುವುದಕ್ಕೂ ಒಂದು ಕ್ರಮವಿದೆ. ಮೊದಲು ಗಂಟಲು ಸರಿಪಡಿಸಿಕೊಳ್ಳುವುದು. ಆಮೇಲೆ ಏಳುವುದು. ಎದ್ದು, ಸೀಟನ್ನು ಅಂಗೈಯಿಂದ ಎರಡು ಸಲ ಒರೆಸುವುದು, ಸಲೂನಿನ ಕುರ್ಚಿಯನ್ನು ಒರೆಸಿದ ಹಾಗೆಯೇ. "ಬನ್ನಿ, ಕೂತ್ಕೊಳ್ಳಿ" ಎಂದು ಐದು ಸಾಲಿಗೆ ಕೇಳುವಂತೆ ಹೇಳುವುದು. ಆಮೇಲೆ ಅಲ್ಲೇ ನಿಂತಿರುವುದು. ಥ್ಯಾಂಕ್ಸ್ ಎಲ್ಲ ಯಾಕೆ ಎನ್ನಬೇಕಾದರೆ ಅದು ಮೊದಲು ಬರಬೇಕಲ್ಲ.

ತಮ್ಮ ಸೀಟು ಖರ್ಚಾದ ಮೇಲೆ ಅವರು ಬೇರೆಯವರ ಸೀಟುಗಳಿಗೆ ಕೈಹಾಕುತ್ತಾರೆ. ಇದು ಅವರ ಅಧಿಕಾರದ ಎರಡನೇ ಭಾಗ. ಮುದುಕರು ಪಕ್ಕಕ್ಕೆ ಬಂದ ಕೂಡಲೇ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುವ ಒಂದು ಜಾತಿಯೇ ಬಸ್ಸಿನಲ್ಲಿದೆ. ಬೇರೆಯವರು ಅವರನ್ನು ಏನೂ ಮಾಡಲಾರರು. ಸಾಹೇಬರು ಬಗ್ಗಿ ಒಮ್ಮೆ ಕತ್ತು ನೋಡುತ್ತಾರೆ. ಗಡ್ಡ ಹೆರೆಸಿಕೊಳ್ಳುತ್ತ ಅವರ ಕುರ್ಚಿಯಲ್ಲಿ ನಿದ್ದೆ ಹೋದವರ ಲೆಕ್ಕ ಅವರಿಗೇ ಸಿಕ್ಕಿಲ್ಲ. ನಿಜವಾಗಿ ನಿದ್ದೆ ಬಂದವನ ಕತ್ತಿನ ನರ ಸಡಿಲವಾಗಿರುತ್ತದೆ, ನಟಿಸುವವನದು ಬಿಗಿದಿರುತ್ತದೆ.

"ಏಳಪ್ಪಾ, ಕತ್ತು ಎಚ್ಚರವಾಗಿದೆ," ಎನ್ನುತ್ತಾರೆ. ಎಂಥವನೂ ಏಳುತ್ತಾನೆ.

ಅರ್ಹತೆ ಗೊತ್ತುಮಾಡುವುದರಲ್ಲೂ ಅವರದು ಕತ್ತಿನದೇ ಶಾಸ್ತ್ರ. ತಲೆಗೂದಲನ್ನು ಅವರು ನಂಬುವುದಿಲ್ಲ. "ಈ ಬಸ್ಸಿನಲ್ಲಿರೋ ಕಪ್ಪು ಕೂದಲಲ್ಲಿ ಅರ್ಧ ನಾನೇ ಮಾಡಿದ್ದು," ಎನ್ನುತ್ತಾರೆ. ಮುಖವನ್ನೂ ನಂಬುವುದಿಲ್ಲ; ಮುಖಕ್ಕೆ ಜನ ನಾನಾ ಉಪಚಾರ ಮಾಡುತ್ತಾರೆ. ಹಿಂಗತ್ತನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಯಾರಿಗೂ ತಮ್ಮದು ಕಾಣುವುದಿಲ್ಲ. ಅಡ್ಡಗೆರೆ ಎಷ್ಟು, ಎಷ್ಟು ಆಳ, ಕಿವಿಯ ಹಿಂದಿನ ಚರ್ಮ ಎಷ್ಟು ಜೋತಿದೆ, ಇಷ್ಟು ಸಾಕು. ವಯಸ್ಸು ಹೇಳಿಬಿಡುತ್ತಾರೆ. ಒಂದು ವರ್ಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದಕ್ಕೆ ಕಂಡಕ್ಟರೇ ದೊಡ್ಡ ಪ್ರಚಾರಕ. ಒಮ್ಮೆ ಆತನ ಅತ್ತೆ ಬಸ್ಸು ಹತ್ತಿದಾಗ ಸಾಹೇಬರು ಹಿಂದಿನಿಂದಲೇ ಅರವತ್ತೇಳು ಎಂದಿದ್ದರು. ಹುಟ್ಟಿದ ದಾಖಲೆ ತೆಗೆಸಿ ನೋಡಿದರೆ ಅರವತ್ತೇಳೇ. ಐವತ್ತೊಂಬತ್ತು ಎಂದು ನಂಬಿಕೊಂಡೇ ಸಂಸಾರ ಮಾಡಿದ್ದ ಮಾವನವರು ಆಮೇಲೆ ಮೂರು ದಿನ ಮಾತಾಡಲಿಲ್ಲವಂತೆ.

ಪರದೆಯ ಹಿಂದಿನ ಮೂರನೇ ಕುರ್ಚಿಯ ವಿಷಯ ಮಾತ್ರ ಬಸ್ಸಿನಲ್ಲಿ ಬರುವುದಿಲ್ಲ. ವಯಸ್ಸು ಮುಚ್ಚಿಡಬೇಕಾದವರ ಕುರ್ಚಿ ಅದು. ಮೂರು ವಾರಕ್ಕೊಂದು ಭಾನುವಾರ, ಅಂಗಡಿಯ ಬಾಗಿಲು ಅರ್ಧವಷ್ಟೇ ತೆರೆದಿರುವಾಗ, ತಲೆ ತಗ್ಗಿಸಿ ಒಳಗೆ ಬರುವ ಒಬ್ಬರಿದ್ದಾರೆ. ನೂಲಿನ ಕಾರ್ಖಾನೆಯಲ್ಲಿ ಕಾವಲು ಕೆಲಸ. ಸಾಹೇಬರು ಅವರನ್ನು ಗೇಟಿನವರು ಎಂದೇ ಕರೆಯುವುದು. ಕಾವಲಿನವರನ್ನು ಐವತ್ತೆಂಟಕ್ಕೆ ಮನೆಗೆ ಕಳಿಸುವುದು ಅಲ್ಲಿಯ ನಿಯಮ. ಗೇಟಿನವರು ಸೇರುವಾಗ ವಯಸ್ಸು ಒಂಬತ್ತು ವರ್ಷ ಇಳಿಸಿ ಬರೆಸಿದ್ದರು. ಕಾಗದದ ಮೇಲೆ ಐವತ್ತೆರಡು. ನಿಜಕ್ಕೆ ಅರವತ್ತೊಂದು.

ಆ ತಲೆ ಸಾಹೇಬರ ಕೈಯ ಅತ್ಯುತ್ತಮ ಕೆಲಸ. ದಡ್ಡರು ಪೂರ್ತಿ ಕಪ್ಪು ಬಳಿದು ಕೆಡಿಸುತ್ತಾರೆ, ಸಾಹೇಬರು ಹಾಗಲ್ಲ. ಕಿವಿಯ ಮೇಲೆ ಎಡಕ್ಕೆ ಏಳು, ಬಲಕ್ಕೆ ಐದು ಬಿಳಿ ಕೂದಲು ಬಿಟ್ಟು, ಐವತ್ತೆರಡರ ಮನುಷ್ಯನಿಗೆ ಎಷ್ಟು ನರೆ ಶೋಭಿಸುತ್ತದೋ ಅಷ್ಟನ್ನೇ ಉಳಿಸುತ್ತಾರೆ. ಇದನ್ನು ಯಾರಿಗೂ ತೋರಿಸುವಂತಿಲ್ಲ ಎನ್ನುವುದು ಅವರಿಗಿರುವ ಒಂದೇ ಕೊರಗು.

ಕಳೆದ ಭಾನುವಾರ ಗೇಟಿನವರು ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲಿಲ್ಲ. ಸಲೂನಿನಲ್ಲಿ ಇಬ್ಬರೂ ಮಾತಾಡುವುದು ಕನ್ನಡಿಯೊಳಗಿನ ಮುಖದ ಜೊತೆ.

"ಹೊಸ ಸೂಪರ್‌ವೈಸರ್ ಬಂದಿದಾನೆ," ಎಂದರು ಗೇಟಿನವರು. "ಚಿಕ್ಕ ವಯಸ್ಸು. ಫೈಲು ನೋಡಲ್ಲ, ಆಳನ್ನೇ ನೋಡ್ತಾನೆ. ಹೋದ ತಿಂಗಳು ಇಬ್ಬರ ಹತ್ರ ಹುಟ್ಟಿದ ದಾಖಲೆ ತರ್ಸಿ ಮನೆಗೆ ಕಳಿಸಿದ."

"ನಿಮ್ಮ ತಲೆ ಬಗ್ಗೆ ಚಿಂತೆ ಬೇಡ. ಅದು ನನ್ನ ಜವಾಬ್ದಾರಿ."

"ಮಗಳ ಓದು ಇನ್ನೆರಡು ವರ್ಷ ಇದೆ. ಅಲ್ಲೀವರೆಗೆ ತಳ್ಳಿದ್ರೆ ಸಾಕು."

"ಎರಡಲ್ಲ, ಐದು ವರ್ಷ ತಳ್ತೀನಿ. ತಲೆ ಅಲ್ಲಾಡಿಸ್ಬೇಡಿ."

ಅದಾಗಿ ಎರಡು ದಿನಕ್ಕೆ, ಮಂಗಳವಾರ, ಬಸ್ಸು ಎಂದಿಗಿಂತ ಕಿಕ್ಕಿರಿದಿತ್ತು. ಮುಂಚಿನ ಬಸ್ಸು ಕೆಟ್ಟು ನಿಂತು ಅದರ ಜನವೂ ಇದಕ್ಕೇ ಹತ್ತಿದ್ದರು. ಸಾಹೇಬರು ಚಡಪಡಿಸುತ್ತಿದ್ದರು. ಮೂರನೇ ನಿಲ್ದಾಣ ದಾಟಿತ್ತು, ಕೊಡಲು ಯಾರೂ ಸಿಕ್ಕಿರಲಿಲ್ಲ. ದಿನವೂ ಬರುವ ಆಸ್ಪತ್ರೆಯ ನರ್ಸಮ್ಮ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದರು. ಅವರ ಕತ್ತು ನಲವತ್ತಷ್ಟೇ ಹೇಳುತ್ತಿತ್ತು, ಸಾಲದು.

ನಾಲ್ಕನೇ ನಿಲ್ದಾಣದಲ್ಲಿ ನೂಕುನುಗ್ಗಲಿನ ನಡುವೆ ಒಬ್ಬರ ಬೆನ್ನು ಬಂದು ಸಾಹೇಬರ ಮೂಗಿನ ಮುಂದೆ ನಿಂತಿತು. ತಲೆಗೆ ಟೋಪಿ. ಎತ್ತರದ ಕಾಲರು. ಎರಡರ ನಡುವೆ ಮೂರು ಬೆರಳಗಲದ ಕತ್ತು. ಸಾಹೇಬರಿಗೆ ಅಷ್ಟು ಸಾಕು. ಮೂರು ಅಡ್ಡಗೆರೆ, ನಡುವಿನದು ಆಳ. ಬಲಗಾಲಿನ ಮೇಲೆ ಭಾರ ಬಿಡದೆ ನಿಂತ ರೀತಿ, ಮಂಡಿ ನೋವು. ಕೂದಲಿನ ಅಂಚು ಮಾತ್ರ ನೂಲು ಹಿಡಿದು ಎಳೆದ ಹಾಗಿತ್ತು. ಯಾರೋ ಪಳಗಿದ ಕೈಯವರ ಕೆಲಸ ಎಂದು ಅವರು ಮನಸ್ಸಿನಲ್ಲೇ ತಲೆದೂಗಿದರು. ಯಾರ ಕೈ ಎಂದು ಹೊಳೆಯಲಿಲ್ಲ. ತಾನೇ ಬರೆದ ಚೀಟಿಯನ್ನು ಇನ್ನೊಬ್ಬರ ಜೇಬಿನಲ್ಲಿ ಕಂಡು, ಅಕ್ಷರ ದುಂಡಗಿದೆ ಎಂದು ಹೊಗಳುವವರಿರುತ್ತಾರಲ್ಲ, ಹಾಗೆ. ಆ ಕತ್ತನ್ನು ಅವರು ಎಂದೂ ಸಲೂನಿನ ಬಿಳಿ ಬಟ್ಟೆಯ ಮೇಲಲ್ಲದೆ ಬೇರೆಲ್ಲೂ ನೋಡಿರಲಿಲ್ಲ.

ಗಂಟಲು ಸರಿಪಡಿಸಿಕೊಂಡರು. ಎದ್ದರು. ಸೀಟನ್ನು ಎರಡು ಸಲ ಒರೆಸಿದರು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಅರವತ್ತೊಂದರಲ್ಲಿ ಈ ಮಂಡಿ ಇಟ್ಕೊಂಡು ನಿಂತ್ಕೋಬಾರ್ದು."

ಟೋಪಿಯವರು ತಿರುಗಿದರು. ಗೇಟಿನವರು.

ಸಾಹೇಬರ ಅಂಗೈ ಸೀಟಿನ ಮೇಲೇ ಉಳಿಯಿತು. ಗೇಟಿನವರ ಪಕ್ಕದಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ, ಗರಿಗರಿ ಇಸ್ತ್ರಿಯ ಯುವಕನೊಬ್ಬ ನಿಂತಿದ್ದ. ಆತ ಸಾಹೇಬರನ್ನು ನೋಡಿ, ಆಮೇಲೆ ನಿಧಾನವಾಗಿ ಗೇಟಿನವರ ಕಡೆ ತಿರುಗಿದ.

"ಅರವತ್ತೊಂದಾ? ನಿಮ್ಮ ಫೈಲಲ್ಲಿ ಐವತ್ತೆರಡು ಅಂತ ಇದ್ದ ನೆನಪು ನಂಗೆ."

ಆತ ಹೊಸ ಸೂಪರ್‌ವೈಸರ್. ಗೇಟಿನವರನ್ನು ಬೇರೆ ಗೇಟಿಗೆ ಹಾಕಲು ತಾನೇ ಜೊತೆಯಲ್ಲಿ ಕರೆದುಕೊಂಡು ಹೊರಟಿದ್ದ.

"ಐವತ್ತೆರಡೇ ಸಾರ್," ಎಂದರು ಗೇಟಿನವರು. "ಇವರು ಯಾರೋ. ಏನೋ ಅಂದ್ಕೊಂಡಿದಾರೆ."

"ಹೌದು ಹೌದು, ಏನೋ ಅಂದ್ಕೊಂಡೆ," ಎಂದು ಸಾಹೇಬರು ಅವಸರದಲ್ಲಿ ಹಿಂದೆ ಸರಿಯಲು ನೋಡಿದರು. ಸರಿಯಲು ಜಾಗವಿರಲಿಲ್ಲ. ಅಷ್ಟರಲ್ಲಿ ಟಿಕೆಟ್ ಚೀಲ ಎತ್ತಿ ಹಿಡಿದು, ಜನರ ನಡುವಿನಿಂದ ತಲೆ ತೂರಿಸಿ ಕಂಡಕ್ಟರು ಬಂದ.

"ಸಾರ್, ನಮ್ಮ ಸಾಹೇಬ್ರು ಹೇಳಿದ್ರೆ ಮುಗೀತು. ಒಂದು ವರ್ಷ ಆಕಡೆ ಈಕಡೆ ಆಗಲ್ಲ. ನಮ್ಮತ್ತೆ ವಯಸ್ಸು ನಮ್ಮ ಮಾವಂಗೇ ಗೊತ್ತಿರ್ಲಿಲ್ಲ, ಇವ್ರು ಬೆನ್ನು ನೋಡಿ ಹೇಳಿದ್ರು."

"ಹೌದಾ," ಎಂದ ಸೂಪರ್‌ವೈಸರ್. ಆತನ ಕಣ್ಣು ಗೇಟಿನವರ ಟೋಪಿಯ ಅಂಚಿನಲ್ಲಿ ಓಡಾಡಿತು.

ಸೀಟು ಖಾಲಿಯೇ ಇತ್ತು. ನಲವತ್ತು ಜನ ಒಬ್ಬರ ಕಾಲ ಮೇಲೊಬ್ಬರು ನಿಂತಿರುವ ಬಸ್ಸಿನಲ್ಲಿ ಒಂದು ಸೀಟು ಖಾಲಿ. ಗೇಟಿನವರು ಅದರಲ್ಲಿ ಕೂರುವಂತಿಲ್ಲ. ಕೂತರೆ ಅರವತ್ತೊಂದಕ್ಕೆ ಸಹಿ ಹಾಕಿದಂತೆ. ಸಾಹೇಬರು ತಿರುಗಿ ಕೂರುವಂತಿಲ್ಲ. ಇನ್ನೊಬ್ಬರಿಗೆ ಎಂದು ಒರೆಸಿಟ್ಟ ಸೀಟಿಗೆ ಮೂರನೆಯವರು ಬರುವಂತಿಲ್ಲ. ಆ ಕಟ್ಟಳೆಯನ್ನು ವರ್ಷಗಟ್ಟಲೆ ಹೇಳಿ ಹೇಳಿ ಬಸ್ಸಿಗೆ ಕಲಿಸಿದವರು ಸಾಹೇಬರೇ.

"ಕೂತ್ಕೊಳ್ಳಿ ನೀವು, ಪರವಾಗಿಲ್ಲ," ಎಂದ ಸೂಪರ್‌ವೈಸರ್, ತೀರ ಮೃದುವಾಗಿ. ಆ ಮೃದುತನವೇ ಸರಿಯಿರಲಿಲ್ಲ.

"ಬೇಡ ಸಾರ್. ನಾನು ಹನ್ನೆರಡು ಗಂಟೆ ನಿಂತು ಡ್ಯೂಟಿ ಮಾಡೋನು." ಹಾಗೆನ್ನುತ್ತ ಗೇಟಿನವರು ಬಲಗಾಲಿನ ಮೇಲೂ ಭಾರ ಬಿಟ್ಟರು. ಅವರ ದವಡೆ ಬಿಗಿದದ್ದು ಸಾಹೇಬರಿಗೆ ಕಂಡಿತು. ಎದುರಿನ ಕಿಟಕಿಯ ಗಾಜಿನಲ್ಲಿ ಅವರ ಕಣ್ಣು ಸಾಹೇಬರ ಕಣ್ಣನ್ನು ಸಂಧಿಸಿತು. ಭಾನುವಾರಗಳಂದು ಕನ್ನಡಿಯಲ್ಲಿ ನೋಡುವ ಅದೇ ಕಣ್ಣು.

ಸಾಹೇಬರು ಗಟ್ಟಿಯಾಗಿ ನಕ್ಕರು. "ನಂದೇ ತಪ್ಪು ಸಾರ್. ಟೋಪಿ ಇತ್ತಲ್ಲ, ಅಂದಾಜು ಸಿಗ್ಲಿಲ್ಲ."

"ಟೋಪಿಗೂ ಕತ್ತಿಗೂ ಏನ್ ಸಂಬಂಧ ಸಾಹೇಬ್ರೇ?" ಎಂದ ಕಂಡಕ್ಟರು, ತನ್ನ ಗುರುವಿನ ಮಾನ ಕಾಯಲು ಟೊಂಕ ಕಟ್ಟಿ. "ಕೂದಲು ನೋಡೋದೇ ಬೇಡ ಅಂತೀರಲ್ಲ ನೀವು. ಸಾರ್, ಬೇಕಾದ್ರೆ ಪರೀಕ್ಷೆ ಮಾಡಿ."

"ಮಾಡೋಣ." ಸೂಪರ್‌ವೈಸರ್ ಬೆನ್ನು ತಿರುಗಿಸಿ ಕಾಲರು ಕೆಳಗೆಳೆದ. "ನಂದು ಎಷ್ಟು ಹೇಳಿ."

ಮೂವತ್ತಮೂರು. ಸಾಹೇಬರಿಗೆ ಅದು ಬರೆದಿಟ್ಟ ಹಾಗೆ ಕಾಣುತ್ತಿತ್ತು. ನೆತ್ತಿಯಲ್ಲಿ ಕೂದಲು ತೆಳ್ಳಗಾಗುತ್ತಿರುವುದೂ, ಅದನ್ನು ಮುಚ್ಚಲು ಪಕ್ಕದಿಂದ ಬಾಚಿ ತಂದದ್ದೂ, ಬಾಚಿದ ರೀತಿ ತಪ್ಪಾಗಿರುವುದೂ ಕಾಣುತ್ತಿತ್ತು.

"ನಲವತ್ತಾರು," ಎಂದರು.

ಬಸ್ಸಿನ ಹಿಂಭಾಗದಿಂದ ಮುಂಭಾಗದವರೆಗೆ ನಗು ಹರಿಯಿತು. ಸೂಪರ್‌ವೈಸರ್ ನಗಲಿಲ್ಲ. "ಮೂವತ್ತಮೂರು ನಂಗೆ," ಎಂದ ಬಿಗಿಯಾಗಿ. ನಲವತ್ತಾರು ಎನ್ನಿಸಿಕೊಂಡದ್ದು ಎಲ್ಲೋ ಚುಚ್ಚಿತ್ತು. ಚುಚ್ಚಿದರೂ ಅನುಮಾನ ಇನ್ನೂ ಉಳಿದಿತ್ತು. "ಬೇಕು ಅಂತ ಹೇಳ್ತಿಲ್ಲ ತಾನೆ?"

"ನರ್ಸಮ್ಮ, ನೀವು ಸ್ವಲ್ಪ ತಿರುಗಿ," ಎಂದ ಕಂಡಕ್ಟರು. ಅವನ ಧ್ವನಿ ಅಳುವಂತಿತ್ತು. "ಸಾಹೇಬ್ರೇ, ನೋಡಿ ಹೇಳಿ. ಅವಸರ ಮಾಡ್ಬೇಡಿ."

ಸಾಹೇಬರು ನರ್ಸಮ್ಮನ ನಲವತ್ತರ ಕತ್ತನ್ನು ಬಹಳ ಹೊತ್ತು ನೋಡಿದಂತೆ ಮಾಡಿದರು. "ಐವತ್ತೈದು."

ಈಗ ಯಾರೂ ನಗಲಿಲ್ಲ. ನರ್ಸಮ್ಮ ನಿಧಾನವಾಗಿ ಇತ್ತ ತಿರುಗಿದರು. ಕೋಪಕ್ಕಿಂತ ಹೆಚ್ಚಾಗಿ ಅವರ ಮುಖದಲ್ಲಿ ಆಸ್ಪತ್ರೆ ಬಂದು ಕೂತಿತ್ತು.

"ಇಲ್ಲಿ ನೋಡಿ," ಎಂದು ಕೈ ಚಾಚಿ ಎರಡು ಬೆರಳು ಎತ್ತಿದರು. "ಎಷ್ಟು ಇದು?"

ಎರಡು ಬೆರಳು, ತೋರುಬೆರಳು ಮತ್ತು ಮಧ್ಯದ್ದು. ಉಗುರಿನ ಪಕ್ಕದಲ್ಲಿದ್ದ ಅಯೋಡಿನ್ ಕಲೆ ಕೂಡ ಸಾಹೇಬರಿಗೆ ಸ್ಪಷ್ಟವಾಗಿ ಕಂಡಿತು. ಎರಡು ಎಂದರೆ ಕಣ್ಣು ಸರಿಯಿದೆ ಎಂದಾಯಿತು. ಕಣ್ಣು ಸರಿಯಿದ್ದವರು ಬೇಕೆಂದೇ ತಪ್ಪು ಹೇಳಿದ್ದು ಯಾಕೆ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ, ಬಂದು ಗೇಟಿನವರ ಕತ್ತಿನ ಮೇಲೆ ನಿಲ್ಲುತ್ತದೆ. ಇನ್ನೊಂದು ಉತ್ತರ ಹೇಳಿದರೆ ಅದು ತಮ್ಮ ಕತ್ತಿಗೇ ಬರುತ್ತದೆ. ಈ ಬಸ್ಸಿನಲ್ಲಿ ಅವರ ಗಿರಾಕಿಗಳು ಏನಿಲ್ಲವೆಂದರೂ ಒಂಬತ್ತು ಮಂದಿ. ಕಣ್ಣು ಕಾಣದವನ ಕೈಯ ಕ್ಷೌರದ ಕತ್ತಿಗೆ ಗಂಟಲು ಒಡ್ಡುವ ಧೈರ್ಯ ಯಾರಿಗಿದೆ?

"ಹೇಳಿ ಸಾಹೇಬ್ರೇ," ಎಂದ ಕಂಡಕ್ಟರು ಬೇಡುವ ದನಿಯಲ್ಲಿ. "ಸುಲಭ ಇದೆ."

ಸಾಹೇಬರು ಕಣ್ಣು ಕಿರಿದು ಮಾಡಿದರು. ಕತ್ತು ಮುಂದೆ ಚಾಚಿದರು.

"ಮೂರು," ಎಂದರು.

"ಅಯ್ಯೋ ಪಾಪ," ಎಂದು ಯಾರೋ ಹಿಂದಿನಿಂದ ಅಂದರು. ಕಂಡಕ್ಟರು ಟಿಕೆಟ್ ಚೀಲವನ್ನು ಸುಮ್ಮನೆ ಮುಚ್ಚಿದ, ತೆರೆದ, ಮುಚ್ಚಿದ. ಮೂರನೇ ಸಾಲಿನಲ್ಲಿದ್ದ, ಶನಿವಾರ ಸಂಜೆಯ ಖಾಯಂ ಗಿರಾಕಿಯೊಬ್ಬ ತನ್ನ ಗಲ್ಲವನ್ನು ನಿಧಾನವಾಗಿ ಸವರಿಕೊಂಡ. ಅಲ್ಲೊಂದು ಹಳೆಯ ಗಾಯದ ಗುರುತಿತ್ತು. ಅದು ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಆದದ್ದು, ಸಾಹೇಬರಿಗೆ ಗೊತ್ತು. ಈಗ ಆತ ಅದನ್ನು ಬೇರೆ ಕಣ್ಣಿನಿಂದ ನೆನೆಯುತ್ತಿರುವುದೂ ಗೊತ್ತಾಯಿತು.

"ಎಷ್ಟು ದಿನದಿಂದ ಹೀಗೆ?" ಎಂದು ನರ್ಸಮ್ಮ ಕೇಳಿದರು.

"ಈಚೆಗೆ ಸ್ವಲ್ಪ ಮಂಜು ಮಂಜು."

"ಸ್ವಲ್ಪ ಅಂತೆ ಸ್ವಲ್ಪ."

ಸೂಪರ್‌ವೈಸರ್ ಕಾಲರು ಸರಿಮಾಡಿಕೊಂಡ. ನಲವತ್ತಾರರ ಚುಚ್ಚು ಈಗ ಹೋಗಿತ್ತು. ಕಣ್ಣಿಲ್ಲದವನ ಮಾತಿಗೆ ಬೆಲೆಯೇನು. ಗೇಟಿನವರ ಭುಜ ತಟ್ಟಿ, "ಬಿಡಿ, ನಾನೂ ಒಂದು ನಿಮಿಷ ಏನೇನೋ ಯೋಚಿಸ್ಬಿಟ್ಟೆ," ಎಂದ.

"ನೀವಾದ್ರೂ ಏನ್ ಮಾಡ್ತೀರಿ ಸಾರ್," ಎಂದರು ಗೇಟಿನವರು. ಆಮೇಲೆ ಅವರು ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಸಾಹೇಬರ ತೋಳನ್ನು ಮೊಣಕೈಯ ಹತ್ತಿರ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಖಾಲಿ ಸೀಟನ್ನು ಎರಡು ಸಲ ಒರೆಸಿದರು.

"ಬನ್ನಿ ತಾತ, ಕೂತ್ಕೊಳ್ಳಿ."

ಐವತ್ನಾಲ್ಕರ ತಾತ ಅರವತ್ತೊಂದರ ಮೊಮ್ಮಗನ ಮುಖ ನೋಡಿದರು. ಆ ಮುಖದಲ್ಲಿ ತುಂಟತನ ಇತ್ತೋ ಕ್ಷಮೆ ಕೇಳುವ ಭಾವ ಇತ್ತೋ ಹೇಳುವುದು ಕಷ್ಟ. ಸಾಹೇಬರು ಕೂತರು. ಪೂರ್ತಿ ಸೀಟಿನ ಮೇಲೆ, ಬೆನ್ನು ಆನಿಸಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕೂತರು.

ಕೂತ ಮೇಲೆ ಶುರುವಾಯಿತು ನಿಜವಾದ ಸಂಕಟ. ಮುಂದಿನ ನಿಲ್ದಾಣದಲ್ಲಿ ಕೋಲು ಊರಿಕೊಂಡ ಅಜ್ಜಿಯೊಬ್ಬರು ಹತ್ತಿದರು. ಸಾಹೇಬರ ಕಾಲು ತಾನಾಗಿ ಎದ್ದಿತು. ನಾಲ್ಕು ಕಡೆಯಿಂದ ನಾಲ್ಕು ಕೈ ಬಂದು ಅವರನ್ನು ಅದುಮಿ ಕೂರಿಸಿದವು. "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ." ಅವರು ಕಂಬಿ ಹಿಡಿದರು, ಬಿಟ್ಟರು. ಚೀಲವನ್ನು ತೊಡೆಯಿಂದ ತೊಡೆಗೆ ಬದಲಿಸಿದರು. ಎದುರು ಸೀಟಿನಲ್ಲಿ ಒಬ್ಬ ಕಣ್ಣು ಮುಚ್ಚಿ ಕಿಟಕಿಗೆ ಒರಗಿದ್ದ. ಅವನ ಕತ್ತಿನ ನರ ತಂತಿಯ ಹಾಗೆ ಬಿಗಿದಿರುವುದು ಸಾಹೇಬರಿಗೆ ಚೆನ್ನಾಗಿ ಕಾಣುತ್ತಿತ್ತು. ಬಾಯಿ ತೆರೆದರು. ಮುಚ್ಚಿಕೊಂಡರು. ಅಜ್ಜಿ ನಿಂತೇ ಇದ್ದರು.

ಕಾರ್ಖಾನೆಯ ನಿಲ್ದಾಣ ಬಂತು. ಸೂಪರ್‌ವೈಸರ್ ಮೊದಲು ಇಳಿದ. ಗೇಟಿನವರು ಬಸ್ಸು ಪೂರ್ತಿ ನಿಲ್ಲುವ ಮೊದಲೇ, ಹುಡುಗರ ಹಾಗೆ, ಮೆಟ್ಟಿಲಿನಿಂದ ಕೆಳಕ್ಕೆ ಹಾರಿದರು. ಬಲಗಾಲಿನ ಮೇಲೆ. ಸಾಹೇಬರ ಹಲ್ಲು ತಾನಾಗಿ ಕಚ್ಚಿಕೊಂಡಿತು. ಗೇಟಿನವರು ಟೋಪಿ ಸರಿಪಡಿಸಿಕೊಂಡು, ಎದೆ ಎತ್ತಿ, ಸೂಪರ್‌ವೈಸರ್ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು.

"ಹತ್ತು ಗಂಟೆಗೆ ಆಸ್ಪತ್ರೆಗೆ ಬಂದ್ಬಿಡಿ," ಎನ್ನುತ್ತಿದ್ದರು ನರ್ಸಮ್ಮ. "ಕಣ್ಣಿನ ಡಾಕ್ಟರಿಗೆ ನಾನೇ ಹೇಳಿರ್ತೀನಿ. ಅಲ್ಲೀವರೆಗೆ ಅಂಗಡೀಲಿ ಯಾರ ಮುಖಕ್ಕೂ ಕೈ ಹಾಕ್ಬೇಡಿ. ಕೇಳಿಸ್ತಾ? ಕಿವಿಯಾದ್ರೂ ಸರಿ ಇದೆಯಾ?"

"ಬರ್ತೀನಮ್ಮ."

ಕಂಡಕ್ಟರು ಸೀಟಿ ಊದಿದ. ಸಾಹೇಬರು ಪಕ್ಕದವರ ಮೇಲಿಂದ ಕಿಟಕಿಯ ಕಡೆಗೆ ಬಗ್ಗಿದರು. ದೂರದಲ್ಲಿ ಸೂಪರ್‌ವೈಸರ್ ಯಾರನ್ನೋ ಮಾತಾಡಿಸಲು ಗೇಟಿನ ಪಕ್ಕದ ಕೋಣೆಯೊಳಗೆ ಹೋದ. ಗೇಟಿನವರು ಒಬ್ಬರೇ ಹೊರಗೆ ಉಳಿದರು. ಅತ್ತ ಇತ್ತ ನೋಡಿದರು. ಆಮೇಲೆ ಗೋಡೆಗೆ ಕೈ ಕೊಟ್ಟು, ಸೊಂಟದವರೆಗೆ ಬಗ್ಗಿ, ಇನ್ನೊಂದು ಕೈಯಿಂದ ಮಂಡಿಯನ್ನು ಹಿಡಿದುಕೊಂಡರು.

ಕೋಣೆಯ ಬಾಗಿಲು ಮತ್ತೆ ಅಲುಗಿತು. ಏಳಿ, ಏಳಿ, ಎಂದು ಸಾಹೇಬರ ತುಟಿ ಆಡಿತು.

"ಅಷ್ಟು ದೂರ ಏನ್ ನೋಡ್ತಿದೀರಿ?" ಎಂದರು ನರ್ಸಮ್ಮ.

"ಏನಿಲ್ಲಮ್ಮ," ಎಂದರು ಸಾಹೇಬರು, ಕಿಟಕಿಯಿಂದ ಕಣ್ಣು ತೆಗೆಯದೆ. "ಏನೂ ಕಾಣ್ತಿಲ್ಲ."

ಬಸ್ಸು ಹೊರಟಿತು.